ಫ್ಯಾಂಟಸಿ ಫುಟ್‌ಬಾಲ್: ಎಲ್ಲರೂ ಎತ್ತಿಕೊಳ್ಳುತ್ತಿರುವ, ಎಲ್ಲರೂ ಬಿಡುತ್ತಿರುವ ಆಟಗಾರರ ಪಟ್ಟಿಯನ್ನು ಎಷ್ಟು ನಂಬಬೇಕು?

ಪ್ರಶ್ನೆ: ರಾಜಾಜಿನಗರ_10

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಚೇರಿ ತಂಡದ ಅರ್ಧ ಜನ ಅಮೆರಿಕದಲ್ಲಿದ್ದಾರೆ. ಅವರು ಕರೆದರೆಂದು ಕಳೆದ ವರ್ಷ, 2024ರಲ್ಲಿ, ಮೊದಲ ಸಲ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್) ಫ್ಯಾಂಟಸಿ ಲೀಗ್ ಸೇರಿದೆ. ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟುತ್ತೇವೆ, ಪಂದ್ಯಗಳಲ್ಲಿ ಅವರು ಆಡಿದ್ದಕ್ಕೆ ತಕ್ಕಂತೆ ನಮಗೆ ಅಂಕ. ಹತ್ತು ತಂಡಗಳು, ತಂಡಕ್ಕೆ ಹದಿನೈದು ಆಟಗಾರರು, ಒಂಬತ್ತು ಜನ ಆಡುತ್ತಾರೆ, ಆರು ಜನ ಬೆಂಚಿನಲ್ಲಿ. ಋತುವಿನ ನಡುವೆ ಹೊಸಬರನ್ನು ಕೊಳ್ಳಲು ಪ್ರತಿಯೊಬ್ಬರಿಗೂ 100 ಡಾಲರಿನ ಲೆಕ್ಕದ ಹಣ. ಮಂಗಳವಾರ ರಾತ್ರಿಯೊಳಗೆ ಗುಟ್ಟಾಗಿ ಬಿಡ್ ಹಾಕಬೇಕು, ಹೆಚ್ಚು ಹಾಕಿದವರಿಗೆ ಆಟಗಾರ. ನಾನು ಒಂಬತ್ತನೆಯವನಾಗಿ ಮುಗಿಸಿದೆ.

ಆ್ಯಪಿನಲ್ಲಿ ಎರಡು ಪಟ್ಟಿಗಳು ಬರುತ್ತವಲ್ಲ, ದೇಶವಿಡೀ ಜನ ಯಾರನ್ನು ಎತ್ತಿಕೊಳ್ಳುತ್ತಿದ್ದಾರೆ, ಯಾರನ್ನು ಬಿಡುತ್ತಿದ್ದಾರೆ ಎಂದು? ನಾನು ಆ ಪಟ್ಟಿಗಳನ್ನೇ ಹಿಡಿದು ನಡೆದೆ. ಏನಾಯಿತೆಂದು ಹೇಳುತ್ತೇನೆ.

ಋತುವಿನ ಮೊದಲ ಪಂದ್ಯ ಸೆಪ್ಟೆಂಬರ್ 5ರ ಗುರುವಾರ ರಾತ್ರಿ, ನಮಗೆ ಶುಕ್ರವಾರ ಬೆಳಗ್ಗೆ. ಬಾಲ್ಟಿಮೋರ್ ರೇವನ್ಸ್ ತಂಡದ ಟೈಟ್ ಎಂಡ್ (ಎಸೆದ ಚೆಂಡನ್ನೂ ಹಿಡಿಯುವ, ಎದುರಾಳಿಗಳನ್ನೂ ತಡೆಯುವ ಆಟಗಾರ) ಐಸಾಯಾ ಲೈಕ್ಲಿ ಕ್ಯಾನ್ಸಸ್ ಸಿಟಿಯ ವಿರುದ್ಧ 9 ಕ್ಯಾಚ್ ಹಿಡಿದು 111 ಯಾರ್ಡ್ ಗಳಿಸಿದರು, ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲಿನ ಗೆರೆ ದಾಟಿಸುವುದು) ಬೇರೆ. ಕೊನೆಯ ಎಸೆತದಲ್ಲಿ ಕಾಲ್ಬೆರಳು ಗೆರೆಗೆ ತಾಗಿರದಿದ್ದರೆ ಇನ್ನೊಂದು ಟಚ್‌ಡೌನ್ ಆಗುತ್ತಿತ್ತು. ಸ್ನಾನ ಮಾಡದೆ, ಕಾಫಿ ಆರಲು ಬಿಟ್ಟು ಆ ಪಂದ್ಯ ನೋಡಿದೆ. ಭಾನುವಾರದ ಹೊತ್ತಿಗೆ ಎತ್ತಿಕೊಳ್ಳುವವರ ಪಟ್ಟಿಯಲ್ಲಿ ಅವರ ಹೆಸರು ಮೇಲೆಯೇ ಇತ್ತು. ನಾನು 41 ಡಾಲರ್ ಬಿಡ್ ಮಾಡಿ ಪಡೆದೆ. ಮುಂದಿನ ವಾರ ಅವರು ಹಿಡಿದದ್ದು ಎರಡೇ ಕ್ಯಾಚ್.

ಅದೇ ರೇವನ್ಸ್ ತಂಡದ ಇನ್ನೊಬ್ಬ ಟೈಟ್ ಎಂಡ್ ಮಾರ್ಕ್ ಆಂಡ್ರ್ಯೂಸ್ ಅವರನ್ನು ನಾನು ಋತುವಿಗೆ ಮೊದಲು ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟಿನಲ್ಲೇ ತೆಗೆದುಕೊಂಡಿದ್ದೆ. ಮೂರನೇ ವಾರ ಅವರು ಸೊನ್ನೆ ಕ್ಯಾಚ್, ನಾಲ್ಕನೇ ವಾರವೂ ಸೊನ್ನೆ. ಬಿಡುವವರ ಪಟ್ಟಿಯಲ್ಲಿ ಅವರ ಹೆಸರು ಕಂಡಿತು, ನಾನೂ ಬಿಟ್ಟೆ. ಎರಡು ದಿನದಲ್ಲಿ ನಮ್ಮ ಲೀಗಿನ ಇನ್ನೊಬ್ಬರು ಒಂದು ಡಾಲರಿಗೆ ಅವರನ್ನು ಸೇರಿಸಿಕೊಂಡರು. ಆರನೇ ವಾರದಿಂದ ಋತು ಮುಗಿಯುವುದರೊಳಗೆ ಆಂಡ್ರ್ಯೂಸ್ 11 ಟಚ್‌ಡೌನ್ ಮಾಡಿದರು. ಅದರಲ್ಲಿ ಎರಡು ನನ್ನ ವಿರುದ್ಧವೇ.

ಈ ವರ್ಷ, 2025ರಲ್ಲಿ, ಸೆಪ್ಟೆಂಬರ್ 4ಕ್ಕೆ ಆಟ ಶುರುವಾಗುತ್ತದೆ. ಈ ಪಟ್ಟಿಗಳನ್ನು ನೋಡುವುದನ್ನೇ ಬಿಡಬೇಕೇ? ಅಥವಾ ನೋಡುವ ಬೇರೆ ಕ್ರಮವೊಂದಿದೆಯೇ? ಅನುಭವವಿದ್ದವರು ದಯವಿಟ್ಟು ವಿವರವಾಗಿ ಹೇಳಿ. ಚುಟುಕಾಗಿ ಬರೆದ ಸಲಹೆಗಳನ್ನು ಬೇಕಾದಷ್ಟು ಓದಿದ್ದೇನೆ, ಅವು ನನಗೆ ದಾರಿ ತೋರಿಸಲಿಲ್ಲ.

ಉತ್ತರ: ಸಾಗರದವಳು

ವಿವರವಾಗಿ ಕೇಳಿದ್ದೀರಿ, ವಿವರವಾಗಿಯೇ ಬರೆಯುತ್ತೇನೆ. ನಾನು ಒಹಾಯೊದ ಕೊಲಂಬಸ್ಸಿನಲ್ಲಿದ್ದೇನೆ. 2011ರಿಂದ ಹನ್ನೆರಡು ತಂಡಗಳ ಒಂದು ಲೀಗನ್ನು ನಡೆಸುತ್ತಿದ್ದೇನೆ. ಅದರಲ್ಲಿ ಐದು ಮನೆ ಕನ್ನಡದವರದು.

ಮೊದಲು ನಿಮ್ಮ ಮನಸ್ಸಿನಿಂದ ಒಂದು ತೆಗೆಯಬೇಕು. ಆ ಪಟ್ಟಿ ಆಟಗಾರನ ಬಗ್ಗೆ ಏನನ್ನೂ ಹೇಳುವುದಿಲ್ಲ, ಜನರ ಬಗ್ಗೆ ಹೇಳುತ್ತದೆ. ನಿನ್ನೆ ಜನ ಏನು ಮಾಡಿದರು, ಅಷ್ಟೇ. ನಮ್ಮ ಮನೆಯಲ್ಲಿ ಅಡಿಕೆ ತೋಟವಿತ್ತು. ಬೆಳಗ್ಗೆ ಪತ್ರಿಕೆ ಬಂದ ಕೂಡಲೇ ಅಪ್ಪ ಶಿವಮೊಗ್ಗ, ಸಾಗರದ ಧಾರಣೆ ನೋಡುತ್ತಿದ್ದರು: ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಎಂದು. ನೋಡಿ ಪತ್ರಿಕೆ ಮಡಿಸಿಟ್ಟು, ‘ಇದು ನಿನ್ನೆ ಮಾರಿದವನ ರೇಟು’ ಎನ್ನುತ್ತಿದ್ದರು. ಆಮೇಲೆ ಮಂಡಿಗೆ ಫೋನು ಮಾಡಿ ಎಷ್ಟು ಮಾಲು ಬಂದಿದೆ, ಹೊರಗಿನ ವ್ಯಾಪಾರಿಗಳು ಬಂದಿದ್ದಾರೆಯೇ ಎಂದು ವಿಚಾರಿಸುತ್ತಿದ್ದರು. ಧಾರಣೆಯನ್ನು ಅವರು ನೋಡದೆ ಬಿಟ್ಟವರಲ್ಲ. ಅದೊಂದನ್ನೇ ನೋಡಿ ಚೀಲ ಕಟ್ಟಿದವರೂ ಅಲ್ಲ.

ಇದನ್ನು ನಾನು ಕಲಿತದ್ದು 2012ರಲ್ಲಿ. ಆ ವರ್ಷ ಮೊದಲ ಪಂದ್ಯ ಬುಧವಾರ ರಾತ್ರಿ ನಡೆಯಿತು, ಡಲ್ಲಾಸ್ ಕೌಬಾಯ್ಸ್ ಮತ್ತು ನ್ಯೂಯಾರ್ಕ್ ಜಯಂಟ್ಸ್. ಡಲ್ಲಾಸಿನ ಕೆವಿನ್ ಓಗಲ್‌ಟ್ರೀ 8 ಕ್ಯಾಚ್, 114 ಯಾರ್ಡ್, 2 ಟಚ್‌ಡೌನ್ ಮಾಡಿದರು. ಮರುದಿನ ಬೆಳಗಾಗುವುದರೊಳಗೆ ನಮ್ಮ ಲೀಗಿನಲ್ಲಿ ನಾಲ್ಕು ಜನ ಅವರ ಹಿಂದೆ ಬಿದ್ದಿದ್ದರು, ಅದರಲ್ಲಿ ನಾನೂ ಒಬ್ಬಳು, ಗೆದ್ದವಳೂ ನಾನೇ. ಉಳಿದ ಹದಿನೈದು ಪಂದ್ಯಗಳಲ್ಲಿ ಅವರು ಮಾಡಿದ್ದು ಇನ್ನೆರಡು ಟಚ್‌ಡೌನ್. ಏಕೆ? ಅವರು ಡಲ್ಲಾಸಿನ ಮೂರನೇ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವವರಲ್ಲಿ ಮೂರನೆಯವರು. ಡೆಜ್ ಬ್ರ್ಯಾಂಟ್ ಮತ್ತು ಮೈಲ್ಸ್ ಆಸ್ಟಿನ್ ಇಬ್ಬರೂ ಮುಂದೆಯೇ ಇದ್ದರು. ಗುಲ್ಮಕ್ಕೆ ಪೆಟ್ಟಾಗಿದ್ದ ಜೇಸನ್ ವಿಟನ್ ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಯಾರ ಜಾಗವೂ ಖಾಲಿಯಾಗಿರಲಿಲ್ಲ, ಒಂದು ರಾತ್ರಿ ಚೆಂಡು ಅವರ ಕಡೆ ಬಂತು. ನಿಮ್ಮ ಲೈಕ್ಲಿಯ ಕಥೆಯೂ ಬಹುಪಾಲು ಇದೇ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮಂಗಳವಾರ ರಾತ್ರಿ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಬರೆಯುವುದು. ಎತ್ತಿಕೊಳ್ಳುವವರ ಪಟ್ಟಿಯಲ್ಲಿ ಮೇಲಿರುವ ಹತ್ತು ಹೆಸರುಗಳನ್ನು ಎಡಗಡೆ ಬರೆಯುತ್ತೇನೆ. ಪಕ್ಕದಲ್ಲಿ ಯಾರ್ಡ್, ಟಚ್‌ಡೌನ್ ಬರೆಯುವುದಿಲ್ಲ. ಬರೆಯುವುದು ಇದು: ಎಷ್ಟು ಸ್ನ್ಯಾಪ್ (ಚೆಂಡು ಆಟಕ್ಕೆ ಬರುವ ಒಂದೊಂದು ಸರದಿ) ಮೈದಾನದಲ್ಲಿದ್ದರು, ಎಷ್ಟು ಸಲ ಚೆಂಡು ಅವರ ಕಡೆ ಎಸೆಯಲಾಯಿತು ಅಥವಾ ಕೈಗೆ ಕೊಡಲಾಯಿತು, ಯಾರ ಜಾಗದಲ್ಲಿ ಆಡಿದರು, ಆ ಜಾಗದವರು ಯಾವಾಗ ಹಿಂದಿರುಗುತ್ತಾರೆ.

ಒಂದು ಪುಟವನ್ನು ಹಾಗೆಯೇ ನಿಮಗೆ ತೋರಿಸುತ್ತೇನೆ, 2023ರ ಸೆಪ್ಟೆಂಬರ್ 12ರದು. ಮೇಲಿನ ಬಲಮೂಲೆಯಲ್ಲಿ ಸಾರಿನ ಕಲೆಯಿದೆ, ಅಂಕಿಗಳು ಸ್ಪಷ್ಟವಾಗಿವೆ. ಆ ಭಾನುವಾರ ಲಾಸ್ ಏಂಜಲಿಸ್ ರ್‍ಯಾಮ್ಸ್ ಸಿಯಾಟಲ್ಲಿಗೆ ಹೋಗಿ 30-13ರಿಂದ ಗೆದ್ದಿತ್ತು. ತಂಡದ ಮುಖ್ಯ ರಿಸೀವರ್ ಕೂಪರ್ ಕಪ್ ತೊಡೆಯ ಸ್ನಾಯುವಿನ ಗಾಯದಿಂದ ಹೊರಗಿದ್ದರು. ಪುಟದಲ್ಲಿ ರ್‍ಯಾಮ್ಸಿನ ಮೂವರಿದ್ದಾರೆ.

ಪುಕಾ ನಾಕುವಾ: 119 ಯಾರ್ಡ್. ಟುಟು ಆಟ್ವೆಲ್: ಅವರದೂ 119 ಯಾರ್ಡ್. ಅಂಕಪಟ್ಟಿ ನೋಡಿದವರಿಗೆ ಇಬ್ಬರೂ ಒಂದೇ. ನನ್ನ ಪುಟದಲ್ಲಿ ಹಾಗಿಲ್ಲ. ಆಟ್ವೆಲ್ ಕಡೆಗೆ ಎಸೆದದ್ದು 8 ಸಲ, ನಾಕುವಾ ಕಡೆಗೆ 15 ಸಲ. ನಾಕುವಾ ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸುವಾಗ ಐದನೇ ಸುತ್ತಿನಲ್ಲಿ ಆಯ್ಕೆಯಾದ ಹುಡುಗ, ಜೀವನದ ಮೊದಲ ಪಂದ್ಯ. ಮ್ಯಾಥ್ಯೂ ಸ್ಟ್ಯಾಫರ್ಡ್‌ರಂತಹ ಹಳೆಯ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆಯುವ ಆಟಗಾರ) ಹದಿನೈದು ಸಲ ಅವನನ್ನೇ ಹುಡುಕಿ ಎಸೆದಿದ್ದಾರೆ. ಆ ಅಂಕಿಯ ಸುತ್ತ ನಾನು ಎರಡು ಸುತ್ತು ಹಾಕಿದ್ದೇನೆ, ಪೆನ್ನಿನ ಗುರುತು ಹಿಂದಿನ ಪುಟಕ್ಕೂ ಮೂಡಿದೆ. ಮುಂದಿನ ವಾರ ನಾಕುವಾ 15 ಕ್ಯಾಚ್ ಹಿಡಿದರು. ಋತು ಮುಗಿದಾಗ 105 ಕ್ಯಾಚ್, 1,486 ಯಾರ್ಡ್, ಎರಡೂ ಆಗ ಹೊಸಬರೊಬ್ಬರ ಮಟ್ಟಿಗೆ ಎನ್‌ಎಫ್‌ಎಲ್ ದಾಖಲೆಯಾಗಿದ್ದವು. ಆಟ್ವೆಲ್ 483 ಯಾರ್ಡಿಗೆ ನಿಂತರು.

ಮೂರನೆಯವರು ಕೈರನ್ ವಿಲಿಯಮ್ಸ್. ಅಂದು ಅವರು ಓಡಿದ್ದು 52 ಯಾರ್ಡ್ ಮಾತ್ರ. ಕ್ಯಾಮ್ ಏಕರ್ಸ್ ಅವರಿಗೆ 22 ಸಲ ಚೆಂಡು ಕೊಟ್ಟಿದ್ದರು, ವಿಲಿಯಮ್ಸ್‌ಗೆ 15 ಸಲ. ಆದರೆ 22 ಓಟಗಳಲ್ಲಿ ಏಕರ್ಸ್ ಗಳಿಸಿದ್ದು 29 ಯಾರ್ಡ್, ಮತ್ತು ಮೈದಾನದಲ್ಲಿ ಹೆಚ್ಚು ಸ್ನ್ಯಾಪ್ ಇದ್ದವರು ವಿಲಿಯಮ್ಸ್. ಪಂದ್ಯ ಬಿಗಿಯಾಗಿದ್ದಾಗ ತರಬೇತುದಾರರು ಯಾರನ್ನು ಒಳಗೆ ಇಟ್ಟುಕೊಂಡರು ಎಂಬುದು ಅಲ್ಲಿ ಕಾಣುತ್ತದೆ. ಹತ್ತು ದಿನಗಳೊಳಗೆ ಏಕರ್ಸ್ ಮಿನೆಸೋಟಾಕ್ಕೆ ವರ್ಗವಾದರು. ವಿಲಿಯಮ್ಸ್ 12 ಪಂದ್ಯಗಳಲ್ಲೇ 1,144 ಯಾರ್ಡ್ ಓಡಿದರು. ಆ ಮಂಗಳವಾರ ಇಬ್ಬರನ್ನೂ ಪಡೆದೆ, ನಾಕುವಾ 34 ಡಾಲರ್, ವಿಲಿಯಮ್ಸ್ 19. ನಮ್ಮ ಲೀಗಿನಲ್ಲಿ ಒಬ್ಬರು ಆಟ್ವೆಲ್‌ಗೆ 30 ಕೊಟ್ಟರು.

ಜಾಗ ಖಾಲಿಯಾದ ಮಾತ್ರಕ್ಕೆ ಅದು ಬೆಂಚಿನಲ್ಲಿದ್ದವರಿಗೇ ಸಿಗುತ್ತದೆ ಎಂದೂ ಇಲ್ಲ. ಅದೇ 2023ರ ಎರಡನೇ ವಾರ, ಸೋಮವಾರ ರಾತ್ರಿ, ಕ್ಲೀವ್‌ಲ್ಯಾಂಡಿನ ನಿಕ್ ಚಬ್ ಅವರ ಮೊಣಕಾಲಿಗೆ ಭಾರೀ ಪೆಟ್ಟಾಯಿತು. ಕ್ಲೀವ್‌ಲ್ಯಾಂಡ್ ನಾನಿರುವ ಒಹಾಯೊದ್ದೇ, ಆ ದೃಶ್ಯವನ್ನು ಎರಡನೇ ಸಲ ನೋಡಲಾಗಲಿಲ್ಲ. ಬದಲಿಗೆ ಬಂದ ಜೆರೋಮ್ ಫೋರ್ಡ್ 106 ಯಾರ್ಡ್ ಓಡಿದರು. ಮಂಗಳವಾರ ಎಲ್ಲ ಕಡೆ ಅವರದೇ ಹೆಸರು. ಬಿಡ್‌ಗಳು ತೀರ್ಮಾನವಾದದ್ದು ಬುಧವಾರ ಬೆಳಗಿನ ಜಾವ. ಅದೇ ಬುಧವಾರ ಕ್ಲೀವ್‌ಲ್ಯಾಂಡ್ ತಂಡ ಹಳೆಯ ಆಟಗಾರ ಕರೀಮ್ ಹಂಟ್ ಅವರನ್ನು ಕರೆಸಿಕೊಂಡಿತು. ಗೋಲಿನ ಹತ್ತಿರದ ಓಟಗಳು ಹಂಟ್ ಪಾಲಾದವು. ಆ ಋತುವಿನಲ್ಲಿ ಅವರು ಓಡಿ 9 ಟಚ್‌ಡೌನ್ ಮಾಡಿದರು, ಫೋರ್ಡ್ ಓಡಿ ಮಾಡಿದ್ದು 4. ಫೋರ್ಡ್ ಕೆಟ್ಟ ಆಯ್ಕೆಯಲ್ಲ. ಆದರೆ ಇದ್ದ ಹಣವೆಲ್ಲ ಸುರಿದವರು ಇಡೀ ಮನೆ ಕೊಂಡೆವೆಂದುಕೊಂಡು ಅರ್ಧ ಮನೆಗೆ ಬೆಲೆ ಕೊಟ್ಟಿದ್ದರು.

ಇನ್ನು ಬಿಡುವವರ ಪಟ್ಟಿ. ನನ್ನ ಮಟ್ಟಿಗೆ ಎರಡರಲ್ಲಿ ಬೆಲೆಬಾಳುವುದು ಇದೇ. ಎತ್ತಿಕೊಳ್ಳುವವರ ಪಟ್ಟಿಯಲ್ಲಿ ಹತ್ತು ಜನರ ಕೈ ಚಾಚಿರುತ್ತದೆ, ಅಲ್ಲಿ ಅಗ್ಗವಾಗಿ ಏನೂ ಸಿಗುವುದಿಲ್ಲ. ಬಿಡುವವರ ಪಟ್ಟಿಯ ಮುಂದೆ ಯಾರೂ ನಿಂತಿರುವುದಿಲ್ಲ. ಆಂಡ್ರ್ಯೂಸ್ ವಿಷಯವನ್ನೇ ತೆಗೆದುಕೊಳ್ಳಿ. ಆ ಎರಡು ಸೊನ್ನೆಗಳ ವಾರ ರೇವನ್ಸ್ ಏನು ಮಾಡುತ್ತಿತ್ತು? ಡೆರಿಕ್ ಹೆನ್ರಿ ಡಲ್ಲಾಸ್ ವಿರುದ್ಧ 151 ಯಾರ್ಡ್ ಓಡಿದರು, ಬಫಲೊ ವಿರುದ್ಧ 199. ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಮೊದಲ ಪಂದ್ಯದಲ್ಲಿ ಎಸೆದದ್ದು 15 ಸಲ, ಎರಡನೆಯದರಲ್ಲಿ 18 ಸಲ. ಎಸೆಯುವುದೇ ಬೇಕಾಗಿರಲಿಲ್ಲ. ಎಸೆಯಬೇಕಾದ ದಿನ ಬಂದಾಗ ಅವರು ಯಾರ ಕಡೆ ನೋಡುತ್ತಾರೆ ಎಂಬುದಕ್ಕೆ ಹಿಂದಿನ ಐದಾರು ವರ್ಷಗಳ ಉತ್ತರ ಸಿದ್ಧವಾಗಿತ್ತು. ಸೊನ್ನೆ ಎಂಬ ಅಂಕಿಯ ಹಿಂದೆ ಆಟಗಾರ ಇದ್ದಾನೋ, ಆ ವಾರದ ಆಟದ ರೀತಿ ಇದೆಯೋ ನೋಡಬೇಕು.

ಗಾಯಾಳುಗಳ ವಿಷಯವೂ ಹೀಗೆಯೇ. ಕಳೆದ ವರ್ಷ ಅದೇ ನಾಕುವಾ ಮೊದಲ ವಾರವೇ ಮೊಣಕಾಲು ನೋಯಿಸಿಕೊಂಡು ಗಾಯಾಳುಗಳ ಪಟ್ಟಿ ಸೇರಿದರು. ಆ ಪಟ್ಟಿಗೆ ಹೋದವರು ಕನಿಷ್ಠ ನಾಲ್ಕು ಪಂದ್ಯ ಆಡುವಂತಿಲ್ಲ. ನಮ್ಮ ಲೀಗಿನಲ್ಲಿ ಅವರಿದ್ದ ತಂಡದವರು ಎರಡು ಸೋಲು ಕಂಡು, ತಾಳ್ಮೆಗೆಟ್ಟು ಬಿಟ್ಟರು. ಲೀಗಿನಲ್ಲಿ ಗಾಯಾಳುಗಳಿಗೆಂದೇ ಒಂದು ಹೆಚ್ಚುವರಿ ಜಾಗವಿದೆ, ಅದು ತಂಡದ ಆಟಗಾರರ ಲೆಕ್ಕಕ್ಕೆ ಬರುವುದಿಲ್ಲ. ನನ್ನಲ್ಲಿ ಆ ಜಾಗ ಖಾಲಿಯಿತ್ತು. 3 ಡಾಲರಿಗೆ ತಂದು ಅಲ್ಲಿ ಕೂರಿಸಿದೆ. ಅಕ್ಟೋಬರ್ 24ರ ಗುರುವಾರ ರಾತ್ರಿ ಹಿಂದಿರುಗಿ ಬಂದು ಮಿನೆಸೋಟಾ ವಿರುದ್ಧ 7 ಕ್ಯಾಚ್, 106 ಯಾರ್ಡ್. ಮಗಳ ಪರೀಕ್ಷೆಯಿತ್ತು, ಟಿವಿಯ ಶಬ್ದ ಪೂರ್ತಿ ತೆಗೆದು ನೋಡಿದೆ.

ಆದ್ದರಿಂದ ಪಟ್ಟಿಗಳನ್ನು ನೋಡುವುದನ್ನು ಬಿಡಬೇಡಿ. ಎತ್ತಿಕೊಳ್ಳುವವರ ಪಟ್ಟಿಯಿಂದ ಹೆಸರು ತೆಗೆದುಕೊಳ್ಳಿ, ತೀರ್ಪನ್ನು ತೆಗೆದುಕೊಳ್ಳಬೇಡಿ. ಬಿಡುವವರ ಪಟ್ಟಿಯನ್ನು ನಿಧಾನವಾಗಿ, ಕೆಳಗಿನವರೆಗೂ ಓದಿ.

ಉತ್ತರ: ಬೆಳಗಿನ_ಜಾವ

ಅಕ್ಕನವರ ಮಾತಿಗೆ ನನ್ನದೊಂದು ತಕರಾರಿದೆ. ಮಂಗಳವಾರ ರಾತ್ರಿ ನೋಟ್‌ಬುಕ್ ತೆರೆಯುವವರೆಗೆ ಕಾಯಲಾಗದ ಸಂದರ್ಭಗಳಿವೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

ನಾನು ಹುಬ್ಬಳ್ಳಿಯವನು, ಇಲ್ಲಿಂದಲೇ ಆಡುತ್ತೇನೆ. 2024ರ ಸೆಪ್ಟೆಂಬರ್ 9, ಸೋಮವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ನ್ಯೂಯಾರ್ಕ್ ಜೆಟ್ಸ್ ಪಂದ್ಯ. ನಮಗೆ ಮಂಗಳವಾರ ಬೆಳಗ್ಗೆ ಸುಮಾರು 5.45. ಆಡದವರ ಪಟ್ಟಿಯನ್ನು ತಂಡಗಳು ಪಂದ್ಯಕ್ಕೆ 90 ನಿಮಿಷ ಮೊದಲು ಪ್ರಕಟಿಸುತ್ತವೆ, ಅಂದರೆ ನಮಗೆ ಸುಮಾರು ನಾಲ್ಕೂಕಾಲು. ಸ್ಯಾನ್ ಫ್ರಾನ್ಸಿಸ್ಕೊದ ಮುಖ್ಯ ಓಟಗಾರ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಆ ಪಟ್ಟಿಯಲ್ಲಿದ್ದರು. ಆ ವರ್ಷ ಬಹಳಷ್ಟು ಲೀಗುಗಳಲ್ಲಿ ಮೊಟ್ಟಮೊದಲು ಆಯ್ಕೆಯಾದ ಆಟಗಾರ! ಅವರ ಬದಲಿಗೆ ಜೋರ್ಡನ್ ಮೇಸನ್. ನಮ್ಮ ಲೀಗಿನಲ್ಲಿ ಪಂದ್ಯ ಆರಂಭವಾಗುವವರೆಗೆ ಯಾರದೂ ಅಲ್ಲದ ಆಟಗಾರನನ್ನು ಬಿಡ್ ಇಲ್ಲದೆ ನೇರವಾಗಿ ಸೇರಿಸಿಕೊಳ್ಳಬಹುದು. ಹಾಲಿನ ಪ್ಯಾಕೆಟ್ ತರಲು ಎದ್ದವನು ಫೋನು ತೆಗೆದೆ. ಪಟ್ಟಿಯಲ್ಲಿ ಮೇಸನ್ ಹೆಸರಿನ ಮುಂದಿನ ಅಂಕಿ ಕಣ್ಣೆದುರೇ ಏರುತ್ತಿತ್ತು. ನಾಲ್ಕೂವರೆಗೆ ಸೇರಿಸಿಕೊಂಡೆ, ಒಂದು ಡಾಲರೂ ಖರ್ಚಾಗಲಿಲ್ಲ. ಅವರು 28 ಸಲ ಓಡಿ 147 ಯಾರ್ಡ್, ಒಂದು ಟಚ್‌ಡೌನ್. ಅಂದು ರಾತ್ರಿ ಬಿಡ್ ಹಾಕಲು ಕಾದವರಿಗೆ ಅವರು ಸಿಗಲೇ ಇಲ್ಲ.

ಪಟ್ಟಿಯ ಉಪಯೋಗ ನನಗೆ ಇದು: ಎಚ್ಚರಿಕೆಯ ಗಂಟೆ. ಹೊತ್ತಲ್ಲದ ಹೊತ್ತಿನಲ್ಲಿ ಒಂದು ಹೆಸರು ಇದ್ದಕ್ಕಿದ್ದಂತೆ ಮೇಲೇರಿದರೆ ಎಲ್ಲೋ ಏನೋ ಸುದ್ದಿಯಾಗಿದೆ ಎಂದರ್ಥ. ಆ ಸುದ್ದಿ ಏನೆಂದು ನೋಡಿ, ಹತ್ತು ನಿಮಿಷದಲ್ಲಿ ತೀರ್ಮಾನಿಸಿ.

ಉತ್ತರ: ಸಾಗರದವಳು

ಒಪ್ಪುತ್ತೇನೆ. ಮೇಸನ್ ವಿಷಯದಲ್ಲಿ ಯಾರ ಜಾಗ ಎಂಬ ಪ್ರಶ್ನೆಗೆ ಉತ್ತರ ಪಂದ್ಯಕ್ಕೆ ಮೊದಲೇ ಸಿಕ್ಕಿತ್ತು, ಕಾಯಲು ಕಾರಣವೇ ಇರಲಿಲ್ಲ. ಆದರೆ ಅದೇ ತಂಡದ 2021ನೇ ವರ್ಷವನ್ನೂ ನೆನಪಿಡಿ. ಆಗಲೂ ಮೊದಲ ವಾರವೇ ರಹೀಮ್ ಮೋಸ್ಟರ್ಟ್ ಎರಡು ಓಟಕ್ಕೆ ಗಾಯಗೊಂಡರು. ಡ್ರಾಫ್ಟಿನಲ್ಲಿ ಜನ ದುಡ್ಡು ಸುರಿದಿದ್ದ ಟ್ರೇ ಸರ್ಮನ್ ಅಂದು ಆಡುವವರ ಪಟ್ಟಿಯಲ್ಲೇ ಇರಲಿಲ್ಲ. ಆರನೇ ಸುತ್ತಿನ ಎಲೈಜಾ ಮಿಚೆಲ್ 19 ಓಟಗಳಲ್ಲಿ 104 ಯಾರ್ಡ್ ತೆಗೆದರು, ಋತು ಮುಗಿದಾಗ 963. ಮೊದಲೇ ಸುದ್ದಿ ಹಿಡಿದು ಓಡಿದ್ದರೆ ಸರ್ಮನ್ ಹಿಂದೆ ಓಡುತ್ತಿದ್ದೆವು. ತಂಡ ಯಾರನ್ನು ಆಡಿಸುತ್ತದೆ ಎಂಬುದು ಮೈದಾನದಲ್ಲಿ ಕಂಡಾಗಲೇ ಗಟ್ಟಿ.

ಉತ್ತರ: ಅಂಕಿಲೆಕ್ಕ

ನಾನು ಪ್ರೋಗ್ರಾಮರ್, ಮೈಸೂರು. ಫ್ಯಾಂಟಸಿ ಲೀಗುಗಳನ್ನು ನಡೆಸುವ ಸ್ಲೀಪರ್ ಆ್ಯಪಿನವರು ಈ ಎತ್ತಿಕೊಳ್ಳುವ, ಬಿಡುವ ಎಣಿಕೆಯನ್ನು ಯಾರು ಬೇಕಾದರೂ ಪಡೆಯುವಂತೆ ಮುಕ್ತವಾಗಿ ಇಟ್ಟಿದ್ದಾರೆ. ಕೇಳಿದರೆ ಕಳೆದ 24 ಗಂಟೆಗಳ ಲೆಕ್ಕ ಬರುತ್ತದೆ, ಬೇಕಾದರೆ ಗಂಟೆಗಳನ್ನು ಬದಲಿಸಿಕೊಳ್ಳಬಹುದು. ಎರಡು ಋತುಗಳಿಂದ ಅದನ್ನು ಗಂಟೆಗೊಮ್ಮೆ ತೆಗೆದು ಮನೆಯ ಕಂಪ್ಯೂಟರಿನಲ್ಲಿ ಕೂಡಿಡುತ್ತಿದ್ದೇನೆ. ಆಟದ ಬಗ್ಗೆ ಮೇಲಿನವರಷ್ಟು ನನಗೆ ಗೊತ್ತಿಲ್ಲ. ಅಂಕಿಯ ಬಗ್ಗೆ ಹೇಳಬಲ್ಲೆ.

ಒಂದನೆಯದು, ಆ ಎಣಿಕೆ ಹುಟ್ಟುವುದೇ ಆಟಗಾರ ಖಾಲಿಯಿರುವ ಲೀಗುಗಳಿಂದ. ನೂರರಲ್ಲಿ 95 ಲೀಗುಗಳಲ್ಲಿ ಈಗಾಗಲೇ ಯಾರದೋ ತಂಡದಲ್ಲಿರುವವನನ್ನು ಹೊಸದಾಗಿ ಎತ್ತಿಕೊಳ್ಳಲು ಉಳಿದಿರುವುದು ಐದೇ ಲೀಗುಗಳು. ಅವನು ಎಷ್ಟೇ ಚೆನ್ನಾಗಿ ಆಡಲಿ, ಪಟ್ಟಿಯ ಮೇಲಕ್ಕೆ ಬರಲಾರ. ಹತ್ತೇ ಲೀಗುಗಳಲ್ಲಿ ಇರುವವನು ಒಂದು ಒಳ್ಳೆಯ ಪಂದ್ಯ ಆಡಿದರೆ ಸಾಕು, ಜಿಗಿಯುತ್ತಾನೆ. ಆದ್ದರಿಂದ ಎಣಿಕೆಯ ಜೊತೆ ಎಷ್ಟು ಪಾಲು ಲೀಗುಗಳಲ್ಲಿ ಅವನು ಈಗಾಗಲೇ ಇದ್ದಾನೆ ಎಂಬುದನ್ನು ನೋಡಲೇಬೇಕು. ಇಎಸ್‌ಪಿಎನ್‌ನ ಫ್ಯಾಂಟಸಿ ಆ್ಯಪ್ ಆ ಪಾಲನ್ನೂ ವಾರದಲ್ಲಿ ಅದು ಎಷ್ಟು ಏರಿತು, ಇಳಿಯಿತು ಎಂಬುದನ್ನೂ ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಸಾಗರದವರ ಹಾಗೆ ಹನ್ನೆರಡು ತಂಡಗಳ ಲೀಗಿನಲ್ಲಿ ಪಟ್ಟಿಯ ಅರ್ಧ ಹೆಸರುಗಳು ಮೊದಲೇ ಯಾರದೋ ಪಾಲಾಗಿರುತ್ತವೆ. ರಾಜಾಜಿನಗರದವರ ಹತ್ತು ತಂಡಗಳ ಲೀಗಿಗೆ ಪಟ್ಟಿ ಹೆಚ್ಚು ಒದಗುತ್ತದೆ.

ಇನ್ನೊಂದು, ಕಿಕ್ಕರ್‌ಗಳನ್ನೂ (ಚೆಂಡು ಒದೆಯುವವರು) ಡಿಫೆನ್ಸ್‌ಗಳನ್ನೂ (ಒಂದು ತಂಡದ ಇಡೀ ರಕ್ಷಣಾ ಪಡೆ, ಫ್ಯಾಂಟಸಿಯಲ್ಲಿ ಒಬ್ಬ ಆಟಗಾರನ ಲೆಕ್ಕ) ಪಟ್ಟಿಯಿಂದ ತೆಗೆದುಹಾಕಿ ನೋಡಿ. ಅನೇಕರು ಪ್ರತಿ ವಾರ ದುರ್ಬಲ ಎದುರಾಳಿ ಸಿಕ್ಕ ಡಿಫೆನ್ಸನ್ನು ತಂದು, ಮರುವಾರ ಬಿಟ್ಟು, ಇನ್ನೊಂದನ್ನು ತರುತ್ತಾರೆ. ಹೀಗಾಗಿ ಒಂದೇ ಡಿಫೆನ್ಸ್ ಈ ಮಂಗಳವಾರ ಒಂದು ಪಟ್ಟಿಯ ತುದಿಯಲ್ಲಿ, ಮುಂದಿನ ಮಂಗಳವಾರ ಇನ್ನೊಂದರ ತುದಿಯಲ್ಲಿ. ಅದರಲ್ಲಿ ಸುದ್ದಿಯೇನೂ ಇಲ್ಲ. ಐದನೇ ವಾರದಿಂದ ತಂಡಗಳ ಬಿಡುವಿನ ವಾರಗಳು ಬರುತ್ತವೆ. ಆಗ ಬೆಂಚಿನಲ್ಲಿ ಜಾಗ ಸಾಲದೆ ಒಳ್ಳೆಯವರನ್ನೂ ಜನ ಬಿಡುತ್ತಾರೆ. ಬಿಡುವವರ ಪಟ್ಟಿಯಲ್ಲಿ ನಾನು ಮೊದಲು ಹುಡುಕುವುದು ಅವರನ್ನೇ: ಗಾಯವಿಲ್ಲ, ಜಾಗ ಹೋಗಿಲ್ಲ, ತಂಡಕ್ಕೆ ಆ ವಾರ ಪಂದ್ಯವಿಲ್ಲ, ಅಷ್ಟೇ.

ಬೆಳಗಿನ ಜಾವದವರು ಹೇಳಿದ್ದು ನನ್ನ ನಕ್ಷೆಯ ಗೆರೆಗಳಲ್ಲಿಯೂ ಕಾಣುತ್ತದೆ. ಭಾನುವಾರದ ಪಂದ್ಯಗಳ ನಂತರದ ಏರಿಕೆ ದಿಣ್ಣೆಯ ಹಾಗೆ, ನಿಧಾನವಾಗಿ ಏರಿ ಮಂಗಳವಾರ ತುದಿ ಮುಟ್ಟುತ್ತದೆ. ಗಾಯದ ಸುದ್ದಿಯ ಏರಿಕೆ ಗೋಡೆಯ ಹಾಗೆ, ಒಂದೇ ಗಂಟೆಯಲ್ಲಿ ನೆಟ್ಟಗೆ ಏಳುತ್ತದೆ. ದಿಣ್ಣೆಗೆ ನೋಟ್‌ಬುಕ್ ಸಾಕು. ಗೋಡೆಗೆ ಫೋನು ಬೇಕು.

ರಾಜಾಜಿನಗರ_10

ಎಲ್ಲರಿಗೂ ಮನಸಾರೆ ವಂದನೆಗಳು. ಆಟ್ವೆಲ್ ಮತ್ತು ನಾಕುವಾ ಇಬ್ಬರದೂ 119 ಯಾರ್ಡ್ ಎಂಬುದನ್ನು ಓದಿ, ಹಳೆಯ ಅಂಕಪಟ್ಟಿ ತೆಗೆದು ನಾನೂ ನೋಡಿದೆ. ನಾನಾಗಿದ್ದರೆ ಖಂಡಿತ ಇಬ್ಬರಲ್ಲಿ ಅಗ್ಗವಾಗಿ ಸಿಕ್ಕವರನ್ನು ತೆಗೆದುಕೊಂಡು ಸುಮ್ಮನಾಗುತ್ತಿದ್ದೆ. ಕಳೆದ ವರ್ಷದ ನನ್ನ ಎಲ್ಲ ಖರೀದಿಗಳನ್ನು ಒಂದು ಹಾಳೆಯ ಮೇಲೆ ಬರೆದೆ, ಒಟ್ಟು ಹದಿಮೂರು. ಅದರಲ್ಲಿ ಹನ್ನೊಂದನ್ನು ಟಚ್‌ಡೌನ್ ನೋಡಿ ಕೊಂಡಿದ್ದೇನೆ. ಸ್ನ್ಯಾಪ್ ಎಷ್ಟು ಎಂದು ಒಂದು ಸಲವೂ ನೋಡಿಲ್ಲ. ಬಿಟ್ಟವರನ್ನೂ ಬರೆದೆ. ಆಂಡ್ರ್ಯೂಸ್ ಹೆಸರನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು.

ಅಕ್ಕಾ, ಇನ್ನೆರಡು ಕೇಳುತ್ತೇನೆ. ಬಿಡ್ ಎಷ್ಟು ಹಾಕಬೇಕೆಂದು ಹೇಗೆ ತೀರ್ಮಾನಿಸುತ್ತೀರಿ? 41 ಡಾಲರ್ ಹೆಚ್ಚಾಯಿತೇ? ಮತ್ತು ನಮ್ಮ ಲೀಗಿನ ಬಿಡ್‌ಗಳು ಪೂರ್ವ ಅಮೆರಿಕದ ಸಮಯ ಬುಧವಾರ ಬೆಳಗಿನ ಜಾವ ಮೂರಕ್ಕೆ ತೀರ್ಮಾನವಾಗುತ್ತವೆ. ನಾನು ಇಲ್ಲಿ ಮಂಗಳವಾರ ರಾತ್ರಿ ಮಲಗುವ ಮೊದಲು ಬಿಡ್ ಹಾಕಿ ಮುಗಿಸಿಬಿಡುತ್ತಿದ್ದೆ. ಅದು ಸರಿಯೇ?

ಉತ್ತರ: ಸಾಗರದವಳು

41 ಹೆಚ್ಚೇ, ಏಕೆಂದರೆ ಲೈಕ್ಲಿ ಮುಂದೆ ಆಂಡ್ರ್ಯೂಸ್ ಇದ್ದರು, ಮತ್ತು ಆ ಆಂಡ್ರ್ಯೂಸ್ ನಿಮ್ಮ ಬಳಿಯೇ ಇದ್ದರು. ನನ್ನ ಕ್ರಮ ಇಷ್ಟೇ: ಆ ಜಾಗದ ಮುಖ್ಯ ಆಟಗಾರ ಇಡೀ ಋತುವಿಗೆ ಹೊರಗೆ ಹೋಗಿ, ಓಟವೆಲ್ಲ ಒಬ್ಬನ ಪಾಲಾಗುವುದಾದರೆ ಅರ್ಧ ಹಣದವರೆಗೂ ಹೋಗುತ್ತೇನೆ. ಮೂರು ನಾಲ್ಕು ವಾರದ ಬದಲಿ ಎಂದಾದರೆ ಹತ್ತು ಹನ್ನೆರಡು. ಯಾರ ಜಾಗವೂ ಖಾಲಿಯಾಗದೆ ಬಂದ ಒಳ್ಳೆಯ ಪಂದ್ಯಕ್ಕೆ ಐದರೊಳಗೆ, ಸಿಕ್ಕರೆ ಸಿಗಲಿ ಎಂದು. ಮತ್ತು ಯಾವ ಬಿಡ್ಡನ್ನೂ ಹತ್ತು, ಇಪ್ಪತ್ತು ಎಂದು ಪೂರ್ಣ ಅಂಕಿಯಲ್ಲಿ ಹಾಕುವುದಿಲ್ಲ, ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಮೇಲೆ ಬರೆದ 19 ಅನ್ನು ಗಮನಿಸಿ: ನನ್ನ ನಂತರದ ಬಿಡ್ 18 ಇತ್ತು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಸರಿಯಲ್ಲ. ನೀವು ಮಲಗುವ ಹೊತ್ತಿಗೆ ನಮಗೆ ಇಲ್ಲಿ ಮಂಗಳವಾರ ಮಧ್ಯಾಹ್ನ. ಗಾಯಾಳುಗಳ ಸ್ಕ್ಯಾನ್ ವರದಿಗಳು, ತಂಡಗಳು ಯಾರನ್ನು ಕರೆಸಿಕೊಳ್ಳುತ್ತಿವೆ ಎಂಬ ಸುದ್ದಿ ಎಷ್ಟೋ ಸಲ ಸಂಜೆಯೇ ಬರುತ್ತವೆ. ರಾತ್ರಿ ಹಾಕಿದ ಬಿಡ್ಡನ್ನು ಬುಧವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ಇನ್ನೊಮ್ಮೆ ತೆರೆದು ನೋಡಿ, ಬದಲಿಸುವುದಿದ್ದರೆ ಬದಲಿಸಿ. ನಮ್ಮ ಮೂರು ಗಂಟೆ ಎಂದರೆ ನಿಮಗೆ ಮಧ್ಯಾಹ್ನ ಹನ್ನೆರಡೂವರೆ, ಅಲ್ಲಿಯವರೆಗೆ ನಿಮಗೆ ಸಮಯವಿದೆ. ನಿಮ್ಮ ಲೀಗಿನ ಅಮೆರಿಕದವರೆಲ್ಲ ಮಲಗಿರುವ ಹೊತ್ತು ಅದು.

ಈ ವರ್ಷ, 2025ರಲ್ಲಿ, ನವೆಂಬರ್ 2ರಂದು ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಆ ವಾರದಿಂದ ನಿಮ್ಮ ಹನ್ನೆರಡೂವರೆ ಒಂದೂವರೆಯಾಗುತ್ತದೆ, ಭಾನುವಾರದ ಮೊದಲ ಪಂದ್ಯಗಳು ರಾತ್ರಿ ಹತ್ತೂವರೆಯ ಬದಲು ಹನ್ನೊಂದೂವರೆಗೆ ಶುರು. ಕ್ಯಾಲೆಂಡರಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ.